ಕೂಗಬೇಕಾದ ಹೆಸರು

ಕೊಯಮತ್ತೂರು
೯ ಜುಲೈ ೨೦೨೪, ಮಂಗಳವಾರ

ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ಐಸಿಯು ಹೊರಗಿನ ಸ್ಟೀಲ್ ಕುರ್ಚಿಗಳನ್ನು ಅಲಂಕರಿಸಿರುವ ಗಣ್ಯರೇ, ಫ್ಲಾಸ್ಕು ಹಿಡಿದ ಮಾತೆಯರೇ, ಫೋನಿಗೆ ಚಾರ್ಜರ್ ಹುಡುಕುತ್ತಿರುವ ಮಹನೀಯರೇ! ಈ ದಿನ ನಾನು ಮಾತಾಡಲಿರುವ ವಿಷಯ ‘ಸಾಮುವೇಲ್ ಎಂಬ ಹೀಬ್ರೂ ನಾಮಧೇಯದ ಅರ್ಥ ಹಾಗೂ ಚರಿತ್ರೆ’. ತಾವೆಲ್ಲ ಎಚ್ಚರವಾಗಿರಬೇಕೆಂದು ಕೋರಿಕೆ.

ಪ್ರೀತಿಯ ಚಿನ್ನತಾಯಿ,

ನಗಬೇಡ. ಕೊಳ್ಳೇಗಾಲದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಾವಿಬ್ಬರೂ ಹೀಗೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆವಲ್ಲ, ಆ ಚಾಳಿ. ನಿನ್ನ ಒಂದು ಮೆಸೇಜಿಗೂ ಉತ್ತರ ಕೊಡದೆ ಈಗ ಕಾಗದ ಬರೆಯುತ್ತಿದ್ದೇನೆ, ಬೈಯಬೇಡ. ಫೋನಾದರೆ ನೀನು ‘ಹೇಗಿದ್ದಾರೆ’ ಅನ್ನುತ್ತೀಯ, ನಾನು ಅಳುತ್ತೇನೆ, ಪಕ್ಕದಲ್ಲಿ ಕೂತ ಅತ್ತೆ ಕನ್ನಿಯಮ್ಮಾಳ್ ಏನೋ ಆಗಿಹೋಯಿತೆಂದು ಎದ್ದು ಓಡುತ್ತಾರೆ. ಕಾಗದ ವಾಸಿ. ಅತ್ತೆಗಾಗಲಿ ಮಗಳು ಜನನಿಗಾಗಲಿ ಮನೆಮಾತು ಕನ್ನಡವೇ, ಆದರೆ ಓದಲು ಬಾರದು. ಇಬ್ಬರ ನಡುವೆ ಕೂತು ಏನು ಬೇಕಾದರೂ ಬರೆಯಬಹುದು. “ಅಮ್ಮಾ, ಜಿಲೇಬಿ ಸುತ್ತಿದ್ದು ಸಾಕು, ಕಾಪಿ ಆರೋಗುತ್ತೆ” ಅನ್ನುತ್ತಿದ್ದಾಳೆ ಜನನಿ.

ಸಮಾಚಾರ ಇಷ್ಟು. ಮಗ್ಗದ ಶೆಡ್ಡು ಸೋರುತ್ತದೆಂದು ನಮ್ಮವರು ಶೀಟಿನ ಮೇಲೆ ಹತ್ತಿದರು. ಹತ್ತಿದ್ದು ಏಣಿಯಿಂದ, ಇಳಿದದ್ದು ಶೀಟು ಮುರಿದು. ತಲೆಗೆ ಪೆಟ್ಟು. ಸೂಲೂರಿನಿಂದ ಇಲ್ಲಿಗೆ ತಂದು ಆಪರೇಷನ್ ಮಾಡಿಸಿದೆವು. ಮತ್ತಿನ ಔಷಧಿ ನಿಲ್ಲಿಸಿ ದಿನಗಳೇ ಆದವು, ಇನ್ನು ಕಣ್ಣು ಬಿಡಬೇಕು. ಬಿಡುತ್ತಿಲ್ಲ. ಗುರುವಾರದವರೆಗೆ ನೋಡಿ, ಆಮೇಲೆ ಕುತ್ತಿಗೆಗೆ ತೂತು ಮಾಡಿ ಉಸಿರಿನ ನಳಿಗೆ ಹಾಕುತ್ತಾರಂತೆ. “ಹತ್ತಿರದವರು ಹೆಸರು ಹಿಡಿದು ಕೂಗಿ” ಎಂದರು ಡಾಕ್ಟರು. “ಪರಿಚಯದ ದನಿಗೆ ಒಮ್ಮೊಮ್ಮೆ ಎಚ್ಚರ ಆಗುತ್ತದೆ.”

ಇಲ್ಲಿ ಸಭೆಯಲ್ಲಿ ನಗು. ಏಕೆಂದರೆ ನಮ್ಮ ಮನೆಯಲ್ಲಿ ಆ ಹೆಸರು ಹಿಡಿದು ಕೂಗುವವರೇ ಇಲ್ಲ. ತಾಯಿಗೆ ಅವರು ‘ಸಾಮಿ’, ಮಗಳಿಗೆ ‘ಅಪ್ಪ’, ಮಗ್ಗದವರಿಗೆ ‘ಅಣ್ಣ’, ನನಗೆ ‘ರೀ’. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆಂದು ಮದುವೆಯಾದ ವಾರವೇ ಅತ್ತೆ ಹೇಳಿಕೊಟ್ಟಿದ್ದರು. ಪ್ರಾಸದಲ್ಲಿ ಅಡಗಿಸಿ ಹೇಳಿದರೆ ದೋಷವಿಲ್ಲ. ಮನೆ ತುಂಬಿಸಿಕೊಳ್ಳುವಾಗ ಬಾಗಿಲಿಗೆ ಅಡ್ಡ ನಿಂತು ಹೇಳಿಸಿದವಳು ನೀನೇ:

ಸೂಲೂರು ಕೆರೆಯಲ್ಲಿ ನೀರು ಮೇಲೂ ಮೇಲು,
ನನ್ನ ಕೈ ಹಿಡಿದವರು ಸಾಮುವೇಲು!

ಪ್ರಾಸ ಕೂಡಿದ ಖುಷಿಗೆ ನಾಚುವುದನ್ನೇ ಮರೆತಿದ್ದೆ. ಅದೇ ಮೊದಲು, ಅದೇ ಕೊನೆ. ಇಲ್ಲಿಗೆ ಬಂದ ದಿನ ಕೌಂಟರಿನವನು ಪೇಷೆಂಟಿನ ಹೆಸರು ಕೇಳಿದರೆ ಬಿಎ ಪಾಸಾದ ನಾನು ಮೂಗಿಯಂತೆ ನಿಂತೆ. ಅವನ ಪೆನ್ನು ಕಸಿದುಕೊಂಡು ಬರೆದೆ. ಬರೆದದ್ದು ಕನ್ನಡದಲ್ಲಿ. ಅವನು ತಿರುಗಿಸಿ ಮುರುಗಿಸಿ ನೋಡಿ “ತೆಲುಂಗಾ?” ಅಂದ. ಅಷ್ಟು ಅಳುವಿನ ನಡುವೆಯೂ ಜನನಿಗೆ ನಗು ತಡೆಯಲಾಗಲಿಲ್ಲ.

ಈಗ ವಿಷಯಕ್ಕೆ. ಹಣೆಗೆ ವಿಭೂತಿ, ಗೋಡೆಗೆ ಚೌಡೇಶ್ವರಿ, ಹೆಸರು ಸಾಮುವೇಲ್: ಇದು ಹೇಗೆ ಎಂದು ನೀನೂ ಒಮ್ಮೆ ಕೇಳಿದ್ದೆ. ಅತ್ತೆಯ ಬಾಯಲ್ಲೇ ಕೇಳು. “ಪಳನಿಗೆ ಹೋದೆ, ಮರುದಮಲೆಗೆ ಹೋದೆ, ಒಂದು ಬಸಿರೂ ನಿಲ್ಲಲಿಲ್ಲ. ಮಿಲ್ಲಲ್ಲಿ ನನ್ನ ಪಕ್ಕ ನಿಂತಿರ್ತಿದ್ದೋಳು ವೇದದೋಳು, ಏಸು ನಂಬೋಳು, ಅವ್ಳ ಕೋಯಿಲ್ಗೆ ಕರ್ಕೊಂಡು ಹೋದ್ಳು. ಕೇಳ್ದೆ, ಕೊಟ್ರು. ಕೊಟ್ಟೋರ ಹೆಸ್ರು ಇಡೋದು ನ್ಯಾಯ ತಾನೇ?”

ಐಸಿಯು ಬಾಗಿಲ ಬೋರ್ಡಿನಲ್ಲಿ ಆ ಹೆಸರು ನೋಡಿ ನಮ್ಮನ್ನು ತಮ್ಮವರೆಂದುಕೊಂಡು ಪ್ರಾರ್ಥನೆಗೆ ಬಂದವರು ಮೋಹನ್‌ರಾಜ್, ರಿಟೈರಾದ ಮೇಷ್ಟ್ರು, ದಿನಾ ಸಂಜೆ ರೋಗಿಗಳಿಗಾಗಿ ಬೇಡಿಕೊಳ್ಳುವವರು. ಅತ್ತೆಯ ಹಣೆ ನೋಡಿ ತಬ್ಬಿಬ್ಬಾದರು. “ನೀವು ಜೆಬ ಮಾಡಿ ಸಾಮಿ, ಆಮೇಲೆ ನಾನು ತಿರುನೀರು ಇಡ್ತೀನಿ” ಎಂದು ವಿಭೂತಿ ಡಬ್ಬಿ ತೋರಿಸಿ ಅತ್ತೆ ಸಮಾಧಾನ ಹೇಳಿದರು. ಆ ಮೇಷ್ಟ್ರಿಂದಲೇ ನನಗೆ ಈ ಪಾಂಡಿತ್ಯ.

ಹನ್ನಾ ಎಂಬವಳಿಗೆ ಮಕ್ಕಳಿರಲಿಲ್ಲ. ಸವತಿ ಚುಚ್ಚುತ್ತಿದ್ದಳು. (“ಸವತಿ ಏತಕ್ಕೆ, ನನ್ಗೆ ನಾದಿನಿ ಒಬ್ಳೇ ಸಾಕಾಗಿದ್ಳು” ಎಂದರು ಅತ್ತೆ.) ಗುಡಿಯಲ್ಲಿ ಕೂತು ಅವಳು ದನಿಯಿಲ್ಲದೆ ಬೇಡಿಕೊಂಡಳು. ಪೂಜಾರಿ ಏಲಿ, ಕುಡಿದು ಬಂದಿದ್ದಾಳೆಂದು ಗದರಿದ. ಮಗು ಹುಟ್ಟಿತು. ‘ದೇವರಲ್ಲಿ ಕೇಳಿ ಪಡೆದವನು’ ಎಂದು ಸಾಮುವೇಲ್ ಅಂತ ಹೆಸರಿಟ್ಟಳು. ಆದರೆ ಬಲ್ಲವರು ತಕರಾರು ಮಾಡುತ್ತಾರಂತೆ: ‘ಕೇಳಿ ಪಡೆದವನು’ ಅನ್ನುವ ಅರ್ಥ ಸರಿಯಾಗಿ ಕೂಡುವುದು ಸೌಲ ಎಂಬ ಇನ್ನೊಬ್ಬನ ಹೆಸರಿಗೆ, ಆಮೇಲೆ ಬರುವ ಅರಸನಿಗೆ. ಸಾಮುವೇಲ್ ಅಂದರೆ ‘ದೇವರ ಹೆಸರು’ ಎಂದು ಕೆಲವರು, ‘ದೇವರು ಆಲಿಸಿದ’ ಎಂದು ಕೆಲವರು. ನಮ್ಮಲ್ಲಾದರೆ ಜಗಳವೇ ಇಲ್ಲ, ಬೇಡುವುದಕ್ಕೂ ಆಲಿಸುವುದಕ್ಕೂ ‘ಕೇಳು’ ಒಂದೇ. ಇದನ್ನು ಹೇಳಿದಾಗ ಮೇಷ್ಟ್ರು ತಮ್ಮ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಬಹುಮಾನ ಬಂದವಳಂತೆ ಬೀಗಿದೆ. ಎದ್ದು ನಿಂತೆ, ಫ್ಲಾಸ್ಕು ತೊಳೆದೆ, ಮತ್ತೆ ತೊಳೆದೆ. ಕೂರಲು ಆಗುವುದೇ ಇಲ್ಲ ಕಣೇ. ಕುರ್ಚಿ ಬದಲಾಯಿಸುತ್ತೇನೆ, ಕೆಳಗೆ ಹೋಗುತ್ತೇನೆ, ಟೀ ಹೇಳಿ ಕುಡಿಯದೆ ಮೇಲೆ ಬರುತ್ತೇನೆ.

ಮುಂದಿನ ಕಥೆ ಕೇಳಿದ ಮೇಲಂತೂ ಇನ್ನೂ ಕಷ್ಟ. ಹುಡುಗ ಗುಡಿಯಲ್ಲೇ ಬೆಳೆದ. ಮಲಗಿದ್ದವನನ್ನು ದೇವರು ಹೆಸರು ಹಿಡಿದು ಕೂಗಿದರೆ, ಕೂಗಿದ್ದು ಏಲಿಯೆಂದುಕೊಂಡು ಮುದುಕನ ಹತ್ತಿರ ಓಡಿದ. “ನಾನು ಕೂಗಲಿಲ್ಲಪ್ಪ, ಹೋಗಿ ಮಲಗು.” ಮತ್ತೆ ಕೂಗು, ಮತ್ತೆ ಓಟ. ಕೂಗುವವನು ಮಾತ್ರ ಬೇಸರಪಡಲಿಲ್ಲ ಎಂದರು ಮೇಷ್ಟ್ರು. ಜನನಿ ಗಾಜಿನ ಬಾಗಿಲು ನೋಡುತ್ತ ಅಂದಳು: “ನಮ್ ಅಪ್ಪನೂ ಈಗ ಯಾರತ್ರ ಓಡಿಹೋಗಿದಾರೋ. ಅವ್ರು ‘ನಾನ್ ಕೂಗ್ಲಿಲ್ಲ, ವಾಪಸ್ ಹೋಗು’ ಅಂತ ಕಳಿಸ್ಬಾರದಾ?”

ಎಲ್ಲರೂ ಕೂಗಿ ನೋಡಿದರು. ನರ್ಸ್ ತೆನ್ಮೊಳಿ ಕೆನ್ನೆ ತಟ್ಟಿ “ಸಾಮುವೇಲ್ ಸಾರ್” ಎಂದಳು. ಮೈದುನ ಲೋಗನಾಥನ್ ವೆಳ್ಳಕೋಯಿಲಿನಿಂದ ಬಂದು ಕೂಗಿ, ಅತ್ತು, ನೋಡಲಾರದೆ ಹೋದ. ಜನನಿ ಹೆಸರನ್ನೂ ಕೂಗಿದಳು, ಅಪ್ಪನನ್ನೂ ಕೂಗಿದಳು. ಇಷ್ಟು ವರ್ಷ ‘ಸಾಮಿ’ ಅಂದ ಅತ್ತೆ ತಾವಿಟ್ಟ ಹೆಸರನ್ನು ಪೂರ್ತಿಯಾಗಿ ಕೂಗಿದರು. ರೆಪ್ಪೆ ಅಲುಗಲಿಲ್ಲ. ಹೊರಗೆ ಬಂದು ನನ್ನ ಗಲ್ಲ ಹಿಡಿದರು. “ಅಮ್ಮಿಣಿ, ನೀ ಕೂಗು. ಹೆಸ್ರು ಇಟ್ಟೋಳೇ ಹೇಳ್ತಿದೀನಿ. ಆಯಸ್ಸು ಕಮ್ಮಿ ಆಗೋದಿದ್ರೆ ನನ್ನದ್ರಲ್ಲಿ ಹಿಡ್ಕೊಳ್ಳಲಿ.”

ಅಂದಿನಿಂದ ಬೆಳಿಗ್ಗೆ ಸಂಜೆ ಒಳಗೆ ಬಿಡುವ ಹೊತ್ತಿಗೆ ನಾನೇ ಹೋಗುತ್ತೇನೆ. ಹೊರಗೆ ಬಂದಕೂಡಲೇ ಜನನಿ, “ಕೂಗ್ದ್ಯಾಮ್ಮಾ?”

“ಕೂಗ್ದೆ.”

“ಜೋರಾಗಿ?”

“ಕೆರೆ ಏರಿ ತನಕ ಕೇಳೋ ಹಂಗೆ.”

ಅತ್ತೆ ನನ್ನ ಮುಖ ನೋಡುತ್ತಾರೆ. ಇವತ್ತು ಬೆಳಿಗ್ಗೆಯಿಂದ ಅವರು ಊಟ ಬಿಟ್ಟಿದ್ದಾರೆ.

ಸಭೆಗೆ ವಂದನೆ, ವಿಷಯ ಮುಗಿಯಿತು. ನಿನ್ನ ಮಗಳ ಪರೀಕ್ಷೆ ಏನಾಯಿತು? ಅವಳಿಗೆ ನನ್ನ ಆಶೀರ್ವಾದ, ಒಳ್ಳೆಯದಾಗಲಿ. ನಿಮ್ಮ ಯಜಮಾನರನ್ನು ಕೇಳಿದೆನೆಂದು ಹೇಳು. ಬಿಪಿ ಮಾತ್ರೆ ತಪ್ಪಿಸಬೇಡ. ಬರುವುದಿದ್ದರೆ ಹೊರಡುವ ಮೊದಲು ಜನನಿಗೆ ತಿಳಿಸು, ನನಗಲ್ಲ.

ನಿನ್ನ,
ಬನಶಂಕರಿ

ತಾ.ಕ.: ಚಿನ್ನೂ, ನಾನು ಕೂಗಿಲ್ಲ. ಒಂದು ಸಲವೂ ಇಲ್ಲ. ಒಳಗೆ ಹೋಗಿ, ಕಾಲ ಹತ್ತಿರ ನಿಂತು, ಹೊದಿಕೆ ಸರಿಮಾಡಿ ಬಂದುಬಿಡುತ್ತೇನೆ. ಆಯಸ್ಸಿನ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ, ಅದು ನಿನಗೂ ಗೊತ್ತು. ಅತ್ತೆ, ಜನನಿಯ ಲೆಕ್ಕದಲ್ಲಿ ನನ್ನ ದನಿಯೂ ಸೋತಿದೆ, ಹಾಗೆಂದು ನಾನೇ ಅವರನ್ನು ನಂಬಿಸಿದ್ದೇನೆ. ಇನ್ನೂ ಒಂದು ಕೂಗು ಉಳಿದಿದೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಅದನ್ನೂ ಕೂಗಿ ನಮ್ಮವರು ಏಳದಿದ್ದರೆ, ಆಮೇಲೆ ಕೂಗಲು ಯಾರಿದ್ದಾರೆ?