ಫ್ಯಾಮಿಲಿ ರೂಮಿನ ಪರದೆ

ನವೆಂಬರ್ 3, ಸೋಮವಾರ. ಪಾವಗಡ

ಬೆಳಿಗ್ಗೆಯಿಂದ ಸೋಲಾರ್ ಪ್ಯಾನೆಲ್ ತೊಳೆಸಿದ್ದೇ ಆಯಿತು. ಟ್ಯಾಂಕರ್ ಮತ್ತೆ ಲೇಟು. ಡ್ರೈವರನಿಗೆ ಬಾಯಿಗೆ ಬಂದಂತೆ ಬೈದೆ. ನಕ್ಕ. ಇನ್ನಷ್ಟು ಬೈದೆ.

ಊಟದ ಹೊತ್ತಿಗೆ ನಮ್ಮ ಗ್ಯಾಂಗಿನ ಸುನಿತಾ ಮೊಬೈಲ್ ಹಿಡಿದುಕೊಂಡು ಬಂದಳು. "ಆಶಕ್ಕ, ಇಲ್ನೋಡಿ, ನಮ್ ಶಿರಾದೋನು! ಹೆಂಗ್ ಎಳೀತಾನೆ ನೂಡಲ್ಸು!"

ರೀಲ್. ಸುಹೇಲ್ — ಶಿರಾ ಬೈಪಾಸಿನ ಏಷ್ಯಾ ನೂಡಲ್ ಸೂಪ್ ಹೋಟೆಲಿನವನು. ಮಲೇಷ್ಯಾದಲ್ಲಿ ಯಾರೋ ಚೀನೀ ಸಾಬರ ಹತ್ತಿರ ಕೆಲಸ ಕಲಿತು ಬಂದವನು. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಹಿಟ್ಟನ್ನು ಹಲಗೆಗೆ ಬಡಿಯುತ್ತಿದ್ದಾನೆ, ಎಳೆಯುತ್ತಿದ್ದಾನೆ, ಮಡಚುತ್ತಿದ್ದಾನೆ. ಒಂದು ಎಳೆಯೂ ತುಂಡಾಗಲಿಲ್ಲ. ಸುತ್ತ ಚಪ್ಪಾಳೆ.

ಕೋರ್ಟಿನಲ್ಲಿ ಇವನೇ ಹೇಳಿದ್ದು — "ಕೈ ಹಿಟ್ಟಲ್ಲಿದ್ರೆ ಕಣ್ಣೂ ಹಿಟ್ ಮ್ಯಾಲೇ ಇರ್ಬೇಕು ಸ್ವಾಮಿ, ಇಲ್ದಿದ್ರೆ ಎಳೆ ಕಡ್ದೋಯ್ತದೆ. ನಾನು ತಲೆ ಎತ್ಲಿಲ್ಲ. ಯಾರು ಹೊಡುದ್ರೋ ನೋಡ್ಲಿಲ್ಲ." ಆ ಒಂದು ಮಾತಿಗೆ, ನನ್ನ ತಮ್ಮ ತಿಮ್ಮರಾಜುವನ್ನು ಕೊಂದ ಪ್ರಸನ್ನ ಕುಮಾರ್ ಹಾರ ಹಾಕಿಸಿಕೊಂಡು ಆಚೆ ಬಂದ.

ಸುನಿತಾಳ ಮೊಬೈಲನ್ನು ಗೋಡೆಗೆ ಬೀಸಿದೆ. ಪಾಪ, ಅವಳೇನು ಮಾಡಿದ್ದಳು.

ನವೆಂಬರ್ 5, ಬುಧವಾರ

ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಆ ಟವೆಲ್.

ಆರು ವರ್ಷದ ಹಿಂದೆ, ಆ ದಿನ ನಾನೂ ಅಲ್ಲೇ ಇದ್ದೆ. ಇದ್ದೂ ಇರಲಿಲ್ಲ. ಹೆಂಗಸರು ಬಂದರೆ ಫ್ಯಾಮಿಲಿ ರೂಮು ತಾನೆ — ಮೂರು ಕಡೆ ಪ್ಲೈವುಡ್, ಒಂದು ಕಡೆ ಹಸಿರು ಪರದೆ. ಎಷ್ಟು ಸಲ ಹೋಗಿದ್ದರೂ ಅವನು ನೂಡಲ್ಸ್ ಎಳೆಯುವುದನ್ನು ನೋಡಿದವಳೇ ಅಲ್ಲ. ಸದ್ದು ಮಾತ್ರ. ಧಪ್. ಧಪ್.

ತಿಮ್ಮ ಸೂಪು ಅರ್ಧ ಬಿಟ್ಟು, ಬೆರಳಿಗೆ ಎಣ್ಣೆ ಆಯಿತೆಂದು ಕೈ ತೊಳೆಯಲು ಎದ್ದ. ಯಾರೋ ಕೂಗಿದರು — "ನನ್ ಕಾರಿಗೇ ಸೈಡ್ ಕೊಡಲ್ವೇನ್ಲಾ?" ಧಪ್ ಸದ್ದು ನಿಂತಿತು. ಆಮೇಲೆ ಬಾಟಲಿ ಒಡೆದದ್ದು. ಆಮೇಲೆ ತಿಮ್ಮನ ಕೂಗು. ನಾನು ಪರದೆ ಸರಿಸಿ ಓಡುವಷ್ಟರಲ್ಲಿ ವಾಷ್ ಬೇಸಿನ್ ಕೆಳಗೆ ಬಿದ್ದಿದ್ದ. ಕತ್ತು ಒತ್ತಿ ಹಿಡಿದೆ. ಬೆರಳ ಸಂದಿಯಿಂದ ಬರುತ್ತಲೇ ಇತ್ತು, ಬಿಸಿಬಿಸಿ. ಒಂದು ಕಾರು ಹೊರಟುಹೋಗುತ್ತಿತ್ತು.

"ಹೊಡೆದವನ ಮುಖ ನೋಡಿದಿರಾ?" "ಇಲ್ಲ. ಪರದೆ ಇತ್ತು." ಅಷ್ಟೇ ನನ್ನ ಸಾಕ್ಷಿ.

ತಿಮ್ಮನ ಕೂಗಿಗೆ ಮೊದಲೇ ಹಿಟ್ಟಿನ ಸದ್ದು ನಿಂತಿತ್ತು, ಅವನು ತಲೆ ಎತ್ತಿರಲೇಬೇಕು ಅಂತ ವಕೀಲರಿಗೆ ಬಡಿದುಕೊಂಡೆ. ಹಿಟ್ಟಿನ ಸದ್ದು ಯಾವ ಸಾಕ್ಷಿಯಮ್ಮಾ ಅಂದರು. ಆಮೇಲೆ ಶಿರಾ ಕಡೆ ತಲೆ ಹಾಕಿಲ್ಲ.

ಸುಹೇಲನ ಬಾಯಿಂದಲೇ ಕೇಳಬೇಕು. ಹೇಳದಿದ್ದರೆ ಆ ಕೈ ಕಡಿಯುತ್ತೇನೆ.

ನವೆಂಬರ್ 9, ಭಾನುವಾರ. ಬಸ್ಸಿನಲ್ಲಿ

ಹೋಗಿದ್ದೆ. ಅದೇ ಬೋರ್ಡು. ಅದೇ ಮೂಳೆ ಸಾರಿನ ವಾಸನೆ. ಸುಹೇಲನ ಹೆಂಡತಿ ಬುಷ್ರಾ, "ಫ್ಯಾಮಿಲಿ ರೂಮ್ ಖಾಲಿ ಐತೆ ಅಕ್ಕಾ" ಅಂದಳು. ಇಲ್ಲೇ ಕೂರುತ್ತೇನೆ ಅಂದೆ. ಗಂಡಸರೆಲ್ಲ ತಿರುಗಿ ನೋಡಿದರು. ನೋಡಲಿ, ಮುಂಡೇವು.

ಮುಂದಿನ ಟೇಬಲಿನಿಂದ ಎಲ್ಲ ಕಾಣಿಸುತ್ತದೆ. ಹಲಗೆ, ಬಾಗಿಲು, ವಾಷ್ ಬೇಸಿನ್. ಎಲ್ಲ ಅವನ ಮೂಗಿನ ನೇರಕ್ಕೇ. ಕೈ ಎಳೆಯುತ್ತಿರುತ್ತದೆ, ಕಣ್ಣು ಬಾಗಿಲಲ್ಲಿ, ಬಾಯಿ ಗಿರಾಕಿಯ ಜೊತೆ ತಮಾಷೆಯಲ್ಲಿ. ಒಮ್ಮೆಯೂ ಹಿಟ್ಟು ನೋಡಲಿಲ್ಲ.

ನನ್ನನ್ನು ನೋಡಿದ. ತಮಾಷೆ ನಿಂತುಹೋಯಿತು. ತಾನೇ ಸೂಪು ತಂದ. ಮೇಲೆ ಕಡಲೆಕಾಯಿ ಪುಡಿ ಉದುರಿಸಿದ್ದ, ತಿಮ್ಮ ಹಾಕಿಸಿಕೊಳ್ಳುತ್ತಿದ್ದಷ್ಟೇ. ಹಾಳಾದ್ದು, ರುಚಿಯಾಗಿಯೇ ಇತ್ತು. ಅದಕ್ಕೂ ಸಿಟ್ಟು ಬಂತು.

ಜನ ಕರಗಿದ ಮೇಲೆ ಎದ್ದು ಹೋಗಿ ಕಪಾಳಕ್ಕೆ ಬಾರಿಸಿದೆ. ಕೈ ಎತ್ತಲಿಲ್ಲ. ಇನ್ನೊಂದು ಬಾರಿಸಿದೆ.

"ನೋಡ್ದೆ ಅಕ್ಕಾ. ಎಲ್ಲಾ ನೋಡ್ದೆ" ಅಂದ. "ಸಾಕ್ಷಿಗೆ ಹೋಗೋ ಹಿಂದಿನ್ ದಿನ ಪ್ರಸನ್ನ ಬಂದ. ಬುಷ್ರಾ ಜಡೆ ಹಿಡ್ದು ಮಖಾನ ಕುದಿಯೋ ಹಂಡೆ ಮ್ಯಾಲೆ ಬಗ್ಗಿಸ್ದ. ಹಬೆಗೇ ಇಂಗಾಯ್ತು. ಅಲ್ಲಾ ಆಣೆ, ನಾನೇನ್ ಮಾಡ್ಲಿ ಹೇಳು?"

ಬುಷ್ರಾ ಮುಖ ತಿರುಗಿಸಿ ತೋರಿಸಿದಳು. ಎಡಗಣ್ಣಿಗೆ ರೆಪ್ಪೆಗೂದಲೇ ಇಲ್ಲ.

"ಈಗ್ಲೂ ಭಾನುವಾರ ಮೂರ್ ಗಂಟೆಗೆ ಬತ್ತಾನೆ ಆ ಪ್ರಸನ್ನ. ತಿಂತಾನೆ. ಎದ್ದೋಯ್ತಾನೆ. ಇವತ್ತೊಂದಿನ ಊರಲ್ಲಿಲ್ಲ" ಅಂದ ಸುಹೇಲ್.

ಸುಹೇಲನ ಕೈ ಕಡಿಯುವ ಆಸೆ ಅಲ್ಲೇ ಹೋಯಿತು. ಬೇರೆ ಆಸೆ ಬಂತು.

ನವೆಂಬರ್ 16, ಭಾನುವಾರ. ಮಧುಗಿರಿ

ರಜೆ ಹಾಕಿ ಅಮ್ಮನ ಹತ್ತಿರ ಬಂದಿದ್ದೇನೆ. ಹಿತ್ತಲಲ್ಲಿ ಕುಡುಗೋಲು ಮಸೆಯುತ್ತಿದ್ದೆ. ಅಮ್ಮ ಬಂದು ನಿಂತಳು.

"ಯಾರ್ ಹೊಲ ಕುಯ್ಯಾಕೋಯ್ತಿಯೇ?"

ಕಲ್ಲಿಗೆ ಇನ್ನಷ್ಟು ನೀರು ಚಿಮುಕಿಸಿದೆ.

"ತಿಮ್ಮ ಒಬ್ಬ ಹೋಗಿದ್ದು ಸಾಕು ಕಣಮ್ಮ. ನೀನೂ ಜೈಲಿಗೋದ್ರೆ ನಾನು ಯಾರ್ ಮಖ ನೋಡ್ಕಂಡು ಇರ್ಲಿ?"

ಮಸೆಯುವುದನ್ನು ನಿಲ್ಲಿಸಲಿಲ್ಲ. ಅಳು ಮಾತ್ರ ಬಂತು.

ನವೆಂಬರ್ 23, ಭಾನುವಾರ. ಸಂಜೆ

ಎಡಗೈ ಉರಿಯುತ್ತಿದೆ. ಆದರೂ ಬರೆಯುತ್ತೇನೆ.

ಮೂರಕ್ಕೆ ಮೊದಲೇ ಹೋದೆ. ಗಿರಾಕಿಗಳಿರಲಿಲ್ಲ. ಬುಷ್ರಾ ತವರಿಗೆ ಹೋಗಿದ್ದಳು. ಮುಂದಿನ ಟೇಬಲ್. ತೊಡೆಯ ಮೇಲೆ ಬ್ಯಾಗು, ಒಳಗೆ ಕುಡುಗೋಲು, ಅದರ ಮೇಲೆ ಬಲಗೈ. ಸುಹೇಲ್ ಸೂಪು ಇಟ್ಟು ಹಲಗೆಗೆ ಹೋದ. ಧಪ್. ಧಪ್.

ಪ್ರಸನ್ನ ಬಂದ. ಹೊಟ್ಟೆ ಬಂದಿದೆ. ನನ್ನ ಗುರುತು ಸಿಕ್ಕಿತು. ಎದುರಿಗೇ ಕುರ್ಚಿ ಎಳೆದು ಕೂತು, ನನ್ನ ಬಟ್ಟಲಿಗೆ ಎರಡು ಬೆರಳು ಅದ್ದಿ, ಒಂದು ಎಳೆ ಎತ್ತಿ ಬಾಯಿಗೆ ಹಾಕಿಕೊಂಡ.

"ನಿನ್ ತಮ್ಮ ಅವತ್ತು ಅರ್ಧ ಬುಟ್ಟೋದ. ನೀನಾದ್ರೂ ಪೂರ್ತಿ ಕುಡ್ಕಂಡೋಗಮ್ಮ."

ಅವನ ಕತ್ತಿನ ನರ ಕಾಣುತ್ತಿತ್ತು. ಅಲ್ಲೇ, ಅಂದುಕೊಂಡೆ. ಹಿಡಿ ಬಿಗಿ ಮಾಡಿದೆ.

ಧಪ್ ಸದ್ದು ನಿಂತಿತು.

ಸುಹೇಲ್ ನನ್ನ ಬ್ಯಾಗನ್ನೇ ನೋಡುತ್ತಿದ್ದ. "ಆ ಕೈ ಆಚೆ ತೆಗೀಬ್ಯಾಡ ಅಕ್ಕಾ" ಅಂದ, ಉಪ್ಪು ಬೇಕಾ ಅಂತ ಕೇಳುವ ಹಾಗೆ. ಬಟ್ಟೆ ಹಿಡಿದು ಕುದಿಯುವ ಸಾರಿನ ಹಂಡೆ ಎತ್ತಿಕೊಂಡು ಬಂದ. ಪ್ರಸನ್ನ ತಿರುಗಿದ. ತಿರುಗಿದ್ದರಿಂದ ಸುರಿದ ಸಾರೆಲ್ಲ ಮುಖಕ್ಕೇ ಬಿತ್ತು.

ಆ ಕೂಗು ಮನುಷ್ಯರದ್ದಲ್ಲ. ಅಂಗಿ ಕಿತ್ತುಕೊಂಡ, ಅಂಗಿಯ ಜೊತೆ ಚರ್ಮವೂ ಬಂತು. ನೀರಿಗಾಗಿ ವಾಷ್ ಬೇಸಿನ್ ಕಡೆಗೆ ತೆವಳಿ ಅಲ್ಲೇ ಬಿದ್ದ. ತಿಮ್ಮ ಬಿದ್ದ ಜಾಗ. ನನಗೆ ಸಂತೋಷವಾಯಿತು. ಸುಳ್ಳೇಕೆ, ಸಂತೋಷವೇ ಆಯಿತು.

"ಹಂಡೆ ಜಾರ್ತು ಅಂತೀನಿ" ಅಂದ ಸುಹೇಲ್. ಹೊರಗೆ ಜನ ಓಡಿಬರುತ್ತಿದ್ದರು. ನಾನು ನನ್ನ ಬಟ್ಟಲು ಎತ್ತಿಕೊಂಡು ಹೋಗಿ ಪರದೆ ಹಿಂದೆ ಕೂತೆ.

ನವೆಂಬರ್ 24, ಸೋಮವಾರ. ಮಧುಗಿರಿ

ಸ್ಟೇಷನ್ನಿಗೆ ಕರೆಸಿದ್ದರು. ಕ್ಯಾಮೆರಾ ಇಲ್ಲ, ಬೇರೆ ಗಿರಾಕಿ ಇಲ್ಲ. ಇರುವವಳು ನಾನೊಬ್ಬಳೇ.

"ಹಂಡೆ ಜಾರಿತೋ, ಬೇಕಂತ ಸುರಿದನೋ?"

"ನೋಡಲಿಲ್ಲ ಸಾರ್. ಫ್ಯಾಮಿಲಿ ರೂಮಲ್ಲಿದ್ದೆ. ಪರದೆ ಇತ್ತು."

ಅಂದು ನಿಜ ಹೇಳುವಾಗ ಬಾಯಿ ಒಣಗಿತ್ತು. ಇಂದು ಸರಾಗವಾಗಿ ಬಂತು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದೆ.

ನವೆಂಬರ್ 26, ಬುಧವಾರ

ಪ್ರಸನ್ನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸತ್ತ. ಸುಹೇಲನನ್ನು ಲಾಕಪ್ಪಿಗೆ ಹಾಕಿದ್ದಾರೆ. ಬುಷ್ರಾ ಫೋನ್ ಮಾಡಿದ್ದಳು, ಬರೀ ಅತ್ತಳು.

ಇನ್ಸ್‌ಪೆಕ್ಟರ್ ಇಲ್ಲಿಗೇ ಬರುತ್ತಾರಂತೆ, ಲೇಡಿ ಕಾನ್‌ಸ್ಟೇಬಲ್ ಜೊತೆ. ಸೆರಗು ಸರಿಸು ಅನ್ನದೆ ಬಿಡುವುದಿಲ್ಲ. ಟೇಬಲ್ ಮೇಲಿದ್ದ ಎಡಗೈಗೆ ಸೂಪು ಸಿಡಿದಿತ್ತು. ಮಣಿಕಟ್ಟಿನವರೆಗೂ ಬೊಬ್ಬೆ. ಪರದೆ ಹಿಂದೆ ಕೂತವಳಿಗೆ ಹೇಗೆ ಸಿಡಿಯಿತು? ಅದೊಂದು ಕೇಳಿದರೆ ನನ್ನ ಸುಳ್ಳಿನ ಜೊತೆ ಹಂಡೆ ಜಾರಿತೆಂಬ ಸುಳ್ಳೂ ಹೋಯಿತು, ಸುಹೇಲ್ ಮುಗಿದ.

ಮನೆಯಲ್ಲಿ ಸುಟ್ಟುಕೊಂಡೆ ಅನ್ನಬಹುದು. ಮೂರು ದಿನದ ಗಾಯ, ನಂಬುವುದಿಲ್ಲ. ಹಸಿ ಗಾಯವಾದರೆ ನಂಬುತ್ತಾರೆ. ಹಳೆಯದು ಅದರಡಿ ಮುಚ್ಚಿಹೋಗುತ್ತದೆ.

ಅಮ್ಮ ಮುದ್ದೆಗೆ ಎಸರಿಟ್ಟು ಹಿತ್ತಲಿಗೆ ಹೋಗಿದ್ದಾಳೆ. ಒಲೆ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಈ ಡೈರಿಯನ್ನೂ ಒಲೆಗೇ ಹಾಕಬೇಕು.

ಜೀಪು ಬಂತು. ಅಮ್ಮ ಕೂಗುತ್ತಿದ್ದಾಳೆ — "ಆಶಾ, ಯಾರೋ ಬಂದವ್ರೆ ನೋಡೇ..."

ಎಸರು ಕೊತಕೊತ ಕುದಿಯುತ್ತಿದೆ. ಪೆನ್ನು ಬಲಗೈಯಲ್ಲಿದೆ. ಎಡಗೈ —