ಮೊರದಗಲದ ರೊಟ್ಟಿ

ಜೂನ್ ೯, ನಸುಕು
ಎಸರು ಇಟ್ಟಾಯಿತು. ಜೋಳ ಈ ಸಲ ಚೆನ್ನಾಗಿದೆ, ಮಂದಿ ಚೆನ್ನಾಗಿಲ್ಲ. ಗದಗಿನ ಹಾಸ್ಟೆಲ್ಲಿಂದ ಮತ್ತೆ ಫೋನು — ಕಡಕ ರೊಟ್ಟಿ ಚೂರಾಗಿ ಬರುತ್ತಿವೆಯಂತೆ. ಇನ್ನೊಮ್ಮೆ ಹಾಗಾದರೆ ಆರ್ಡರ್ ಬಂದ್. ಅದು ಹೋದರೆ ನಮ್ಮ ಲಕ್ಷ್ಮೇಶ್ವರದ ರೊಟ್ಟಿ ಸಂಘಕ್ಕೆ ಬೀಗ. ಅಧ್ಯಕ್ಷೆ ನಾನು. ಬಸ್ಸಿನವರು ಚೀಲ ಎತ್ತಿ ಒಗೆದರೆ ನಾನೇನು ಮಾಡಲಿ?

ಸೊಸೆ ಅನ್ನಪೂರ್ಣ ಅದ್ಯಾವುದೋ ತರಬೇತಿಗೆ ಹೋಗಿ ಬಂದಳು. ಅಂದಿನಿಂದ ಒಂದೇ ಜಪ.
"ಅತ್ತೀ, ಹೊರಗಿನವರನ್ನೂ ಕೇಳೂಣ್ರಿ. ಮುಂದ ನಿಂತಾಕಿ ಕೇಳಿದ್ರ ಸಣ್ಣಾಕಿ ಆಗೂದಿಲ್ಲ."
"ಹಂಗಾರ ಖುರ್ಚಿ ಮ್ಯಾಲೆ ಅವರನ್ನ ಕುಂಡ್ರಸು."
ರೊಟ್ಟಿ ಬಡಿಯುವ ಕೋಣೆಗೆ ಪರದೆ ಕಟ್ಟಿಸಿದವಳು ನಾನು. ಹೊರಗಿನವರ ಕಣ್ಣು ಬಿದ್ದರೆ ರೊಟ್ಟಿ ಸೀಳು ಬಿಡುತ್ತದೆ.

ಜೂನ್ ೧೧
ಸೊಸೆ ಪರದೆ ಸರಿಸಿಬಿಟ್ಟಳು! ಹಾಸ್ಟೆಲ್ಲಿನ ಅಡುಗೆಯವ ಕುಬೇರಪ್ಪನನ್ನು ಕರೆಸಿದ್ದಾಳೆ. ಹಾಲು ಕಂಡ ಬೆಕ್ಕಿನಂತೆ ಒಳಗೆ ಇಣುಕಿದ.
"ಆಯೀ, ಮೊರದಷ್ಟು ಅಗಲ ಯಾಕ್ರಿ? ನಮ್ಮ ತಾಟಿನ್ಯಾಗ ಹಿಡಸೂದಿಲ್ಲ. ಸಣ್ಣವು ಮಾಡ್ರಿ, ಡಬ್ಬಿಯೊಳಗ ಕುಂಡ್ರತಾವ, ಒಡೆಯೂದಿಲ್ಲ."
"ನಾವು ಬಡಿಯೂದು ರೊಟ್ಟಿ ತಮ್ಮಾ, ಹಪ್ಪಳ ಅಲ್ಲ."
ಅಗಲ ರೊಟ್ಟಿ ಬಡಿಯಲು ಬಾರದವಳಿಗೆ ನಮ್ಮ ಕಡೆ ಹೆಣ್ಣೇ ಕೊಡುತ್ತಿರಲಿಲ್ಲ… ಅಲ್ಲ, ಗಂಡೇ ಸಿಗುತ್ತಿರಲಿಲ್ಲ. ಸಿಟ್ಟಿಗೆ ಕೈಯೂ ತಪ್ಪುತ್ತದೆ.

ಜೂನ್ ೧೯
ಮೊರದಗಲದವನ್ನೇ ಕಳಿಸಿದ್ದೆ. ಚೀಲ ವಾಪಸ್ ಬಂತು. ಬರೀ ನುಚ್ಚು. ಅನ್ನಪೂರ್ಣ ಹಾಸ್ಟೆಲ್ಲಿನವರ ಕೈಕಾಲು ಹಿಡಿದು ಇನ್ನೊಂದೇ ಒಂದು ಅವಕಾಶ ಕೇಳಿಕೊಂಡಿದ್ದಾಳೆ.
ಜೊತೆಗೆ ರೊಟ್ಟಿ ಬಡಿಯುವ ತಿಪ್ಪವ್ವ ಮೆಲ್ಲಗೆ ಅಂದಳು, "ಸಣ್ಣವು ಮಾಡಿದ್ರ ಉಳೀತಾವಂತ ನಮಗೂ ಗೊತ್ತಿತ್ತ್ರಿ."
"ಮತ್ತ ಬಾಯಿ ಹೊಲಕೊಂಡಿದ್ದ್ಯೇನಽ?"
"ನಿಮ್ಮ ಮುಂದ ಯಾರು ಹೇಳಬೇಕ್ರಿ?"
ಅಂಜುಬುರುಕಿಯರು. ಅಂಜಿಸಿದವರು ಯಾರು ಅಂತ ಮಾತ್ರ ಯಾರೂ ಬಾಯಿಬಿಡಲಿಲ್ಲ.

ಜೂನ್ ೨೦
ಪರದೆ ನಾನೇ ಬಿಚ್ಚಿದೆ. ಒಗೆಯುವುದಕ್ಕೆ, ಅಷ್ಟೆ. ಹಾಸ್ಟೆಲ್ಲಿನ ಊಟದ ತಾಟು ಮುಂದಿಟ್ಟುಕೊಂಡು ಅದರಳತೆಗೆ ಬಡಿದೆವು. ರೊಟ್ಟಿಯಂತೆ ರೊಟ್ಟಿ! ಗುಬ್ಬಿ ಊಟ.

ಜೂನ್ ೨೪
ಒಂದೂ ಒಡೆದಿಲ್ಲವಂತೆ. ಆರ್ಡರ್ ಉಳಿಯಿತು. ಕುಬೇರಪ್ಪ ಫೋನಿನಲ್ಲಿ ಹಿಗ್ಗಿದ್ದೇ ಹಿಗ್ಗಿದ್ದು, ತಾನೇ ಬಡಿದವನ ಹಾಗೆ.
ಸಂಜೆ ಸಭೆ. ಇನ್ನು ಸೊಸೆಯನ್ನೇ ಕೂರಿಸುತ್ತಾರೆಂದು ಖುರ್ಚಿ ಬಿಟ್ಟೆದ್ದೆ. ತಿಪ್ಪವ್ವ ಕೈ ಹಿಡಿದಳು. "ಕುಂಡ್ರಿ. ಕೇಳೂ ಅಧ್ಯಕ್ಷಿ ನಮಗ ಈಗ ಸಿಕ್ಕಾಳ." ಹುಚ್ಚಿ.
ಅಷ್ಟರಲ್ಲಿ ಮೂಲೆಯಿಂದ ಅಮೀನಬಿ. ಸಂಘ ಕಟ್ಟಿದಾಗಿನಿಂದ ಸಭೆಯಲ್ಲಿ ತುಟಿ ಬಿಚ್ಚಿದವಳಲ್ಲ.
"ಅಕ್ಕಾರ, ನಿಮ್ಮ ಶೇಂಗಾ ಚಟ್ನಿಗೆ ಉಪ್ಪು ಜಾಸ್ತಿ ಆಗತೈತ್ರಿ."
ನನ್ನ ಚಟ್ನಿಗೆ! ಬೈಯಲು ಬಾಯಿ ತೆರೆದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.
"ಎಷ್ಟು ಕಡಿಮಿ ಮಾಡೂಣ—" ಅಂದದ್ದು ನನ್ನ ಬಾಯೇ. ಅಮೀನಬಿ ಎದ್ದು ಬಂದು, ಸಭೆಗೆ ತಂದಿದ್ದ ಚಟ್ನಿ ಡಬ್ಬಿಯ ಮುಚ್ಚಳ ತೆಗೆದು, ನನ್ನ ಅಂಗೈಗೇ ಒಂದು ಚಿಟಿಕೆ ಇಟ್ಟಳು.