ಬಿಡಿ ಅಂದರೆ ಬಿಡುವುದಲ್ಲ

ನಮ್ಮ ಮನೆ, ಅಡುಗೆಮನೆಯ ಮೇಜು
ಬುಧವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ನಿನ್ನ ಮಂಡಿ ಮತ್ತೆ ಮುನಿಸಿಕೊಂಡಿಲ್ಲ ತಾನೆ? ಮಗಳಿಗೆ ನಿದ್ದೆ ಸಾಕಾಗುತ್ತಿದೆಯೇ? ಅಳಿಯನ ಕೆಮ್ಮು ಹೋಯಿತೇ? ಇಲ್ಲಿ ನಾನು ಚೆನ್ನಾಗಿಯೇ ಇದ್ದೇನೆ. ಅಡುಗೆಗೆ ಉಪ್ಪು ಒಂದು ದಿನ ಹೆಚ್ಚು, ಮರುದಿನ ಇಲ್ಲವೇ ಇಲ್ಲ. ಎರಡನ್ನೂ ಬೆರೆಸಿಕೊಂಡರೆ ಸರಿಹೋಗುತ್ತದೆ. ಫೋನಿರುವಾಗ ಈ ಮನುಷ್ಯನಿಗೆ ಕಾಗದದ ಹುಚ್ಚೇಕೆ ಎಂದು ನೀನು ಕೇಳುತ್ತೀಯ. ಬರೆಯುವುದೂ ಕೈಗೆ ಒಳ್ಳೆಯದಂತೆ. ಅಲ್ಲದೆ ಫೋನಿನಲ್ಲಿ ನನಗೆ ಮಾತಾಡಲು ನೀನು ಎಲ್ಲಿ ಬಿಡುತ್ತೀಯ?

ಹೊರಡುವ ದಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಭುಜ ಸರಿಹೋಗ್ಲಿ, ಆಮೇಲೆ ಮೊಮ್ಮಗಳ ತಲೆಗೆ ಕತ್ತರಿ ಇಡಿ. ಅಲ್ಲೀವರೆಗೂ ಬೇಡ." ಇಡೀ ಬೀದಿಯೇ ತಲೆ ಒಪ್ಪಿಸಿದ ಕ್ಷೌರಿಕ ನಾನು, ಮನೆಯವಳಿಗೇ ನಂಬಿಕೆಯಿಲ್ಲವಲ್ಲ ಎಂದು ಸಿಟ್ಟು ಬಂದಿತ್ತು. ಆದರೆ ನೀನು ಹೇಳಿದ್ದು ಸುಳ್ಳೇನಲ್ಲ. ಬಲಗೈ ಎದೆಯ ಮಟ್ಟ ದಾಟಿದರೆ ನಡುಗುತ್ತಿತ್ತು. ಅಂಗಿಯ ತೋಳಿಗೆ ಕೈ ತೂರಿಸುವುದಕ್ಕೂ ನೀನೇ ಬೇಕಿತ್ತು. ಬೆಳಿಗ್ಗೆ ತೋಳು ಹಿಡಿದು, ಕಾಲರ್ ಸರಿಮಾಡಿ, ಬೆನ್ನಿಗೊಂದು ತಟ್ಟಿ "ಹೂಂ, ಹೊರಡಿ" ಅನ್ನುತ್ತಿದ್ದೆಯಲ್ಲ, ಈಗ ಅಂಗಿಯನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, ಆ ಕೆಲಸವನ್ನು ಅದರಿಂದಲೇ ಮಾಡಿಸಿಕೊಳ್ಳುತ್ತಿದ್ದೇನೆ. ಮೊಳೆ ಬೆನ್ನು ತಟ್ಟುವುದಿಲ್ಲ.

ಈ ತಿಂಗಳ ಮೊದಲಲ್ಲಿ ನೀನು ಫೋನಿನಲ್ಲಿ, "ಮಗೂಗೆ ಕೂದಲು ಕಣ್ಣಿಗೇ ಬೀಳ್ತಿದೆ, ತಿಂಗಳ ಕೊನೆವರೆಗೆ ನೋಡ್ತೀವಿ, ಇಲ್ಲಾಂದ್ರೆ ಇಲ್ಲೇ ಎಲ್ಲಾದ್ರೂ ಕತ್ತರಿಸಿಬಿಡೋಣ" ಅಂದೆ. ಸಹಜವಾಗಿಯೇ ಅಂದೆ, ಗೊತ್ತು. ಆದರೂ ಆ ಮಾತು ನಾಟಿತು. ಮೊದಲ ಕತ್ತರಿ ಅಪ್ಪನದೇ ಆಗಲಿ ಎಂದು ಮಗಳು ಇಷ್ಟು ದಿನ ಕಾದಿದ್ದಾಳೆ. ಬೇರೆ ಯಾವನೋ ಆ ಮೃದುವಾದ ಕೂದಲನ್ನು ಕತ್ತರಿಸಿ ನೆಲ ಗುಡಿಸುವುದನ್ನು ನೆನೆದು, ಅವತ್ತೇ ನನ್ನ ಕತ್ತರಿಗೆ ಎಣ್ಣೆ ಹಾಕಿಟ್ಟೆ.

ಅದಕ್ಕೇ ಆಸ್ಪತ್ರೆಯ ವ್ಯಾಯಾಮದ ಮೇಡಂ ಹೇಳಿದ್ದನ್ನು ತಪ್ಪದೆ ಮಾಡುತ್ತಿದ್ದೇನೆ. ನಮ್ಮ ಮಗಳಿಗಿಂತ ಚಿಕ್ಕವಳು, ಗದರುವುದರಲ್ಲಿ ಮಾತ್ರ ನಿನಗಿಂತ ದೊಡ್ಡವಳು. ಮೊದಲ ದಿನದ ಕಥೆ ನಿನಗೆ ಹೇಳಿಲ್ಲ. ಬಾಗಿಲ ಹಿಡಿಕೆಗೆ ರಬ್ಬರ್ ಪಟ್ಟಿ ಕಟ್ಟಿ, ಅದರ ತುದಿ ನನ್ನ ಕೈಗೆ ಕೊಟ್ಟಳು. "ಎಳೀರಿ ಅಂಕಲ್. ಹಿಡೀರಿ, ಹಿಡೀರಿ. ಹಾಂ, ಬಿಡಿ" ಅಂದಳು. ದೊಡ್ಡವರ ಮಾತು ಮೀರಬಹುದು, ಡಾಕ್ಟರರ ಮಾತು ಮೀರಬಾರದು. ಬಿಟ್ಟೇಬಿಟ್ಟೆ! ಪಟ್ಟಿ ಚಟಾರನೆ ಹಾರಿ, ಬಾಗಿಲ ಪಕ್ಕ ಮಂಡಿನೋವಿಗೆಂದು ಕೂತಿದ್ದ ನಮ್ಮ ಮೇಷ್ಟ್ರ ಕೈಯಲ್ಲಿದ್ದ ಪೇಪರನ್ನು ನಡುವೆಯೇ ಹರಿದುಹಾಕಿತು. ಮೇಷ್ಟ್ರು ಎರಡು ಚೂರುಗಳ ನಡುವಿನಿಂದ ನನ್ನನ್ನೇ ನೋಡಿದರು. "ಕೈ ಸಡಿಲ ಬಿಡಿ ಅಂದೆ ಅಂಕಲ್, ನಿಧಾನಕ್ಕೆ! ಪಟ್ಟಿ ಬಿಡಿ ಅಂದ್ನಾ?" ಎಂದು ಮೇಡಂ ತಲೆ ಚಚ್ಚಿಕೊಂಡಳು. ಅಂದಿನಿಂದ ಆ ಕೋಣೆಯಲ್ಲಿ ಅವಳು "ಬಿಡಿ" ಅಂದಾಗಲೆಲ್ಲ ಮೇಷ್ಟ್ರು ಪೇಪರ್ ಮಡಿಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ತೊಂದರೆ ನನ್ನ ಬಾಯಿ. ಕೈ ಎತ್ತುತ್ತಲೇ ಮೇಷ್ಟ್ರ ಹತ್ತಿರ ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದೆ. ಮಾತು ಎಲ್ಲಿಗೋ ಹೋಗುತ್ತಿತ್ತು, ಭುಜ ಕಿವಿಯ ಹತ್ತಿರ ಏರಿ ಕೂರುತ್ತಿತ್ತು, ಕೆಲಸವೆಲ್ಲ ಕುತ್ತಿಗೆಯ ಪಾಲಾಗುತ್ತಿತ್ತು. ಒಂದು ದಿನ ಮೇಡಂ ಕೇಳಿದಳು, "ಅಂಗಡೀಲಿ ನೀವು ಬಾಯಿ ಮುಚ್ಕೊಂಡಿರೋ ಗಳಿಗೆ ಅಂತ ಯಾವುದಾದ್ರೂ ಇದೆಯಾ?" ಇದೆಯಲ್ಲ! ಗಿರಾಕಿಯ ಗಲ್ಲ ಎತ್ತಿ ಗಂಟಲ ಮೇಲೆ ಕತ್ತಿ ಇಟ್ಟಾಗ ಕೋಟಿ ಕೊಟ್ಟರೂ ನಾನು ಮಾತಾಡುವುದಿಲ್ಲ. ಉಸಿರನ್ನೂ ಅಳೆದು ಬಿಡುತ್ತೇನೆ. "ಹಾಗಾದ್ರೆ ಪ್ರತಿಸಲ ಕೈ ಎತ್ತುವಾಗ್ಲೂ ಗಂಟಲ ಮೇಲೆ ಕತ್ತಿ ಇದೆ ಅಂದ್ಕೊಳ್ಳಿ" ಅಂದಳು. ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ಉಸಿರು ಬಿಡುತ್ತಾ ಕೈ ಎತ್ತುತ್ತೇನೆ, ಕಣ್ಣು ಒಂದೇ ಕಡೆ, ಮನಸ್ಸು ಬೆನ್ನ ಮೇಲಿನ ಆ ಚಪ್ಪಟೆ ಮೂಳೆಯ ಹತ್ತಿರ. ಯಾರ ಗಂಟಲೆಂದು ಮಾತ್ರ ಮೇಷ್ಟ್ರಿಗೆ ಹೇಳಿಲ್ಲ.

ಕೈ ಸ್ವಲ್ಪ ಮೇಲೇರಿದ್ದೇ ತಡ, ನನಗೆ ಕೊಂಬು ಬಂತು. ವ್ಯಾಯಾಮ ಮುಗಿಸಿ ನೀರೂ ಕುಡಿಯದೆ ನೇರ ಅಂಗಡಿಗೆ ಹೋಗಿ, ಸಂಜೆವರೆಗೆ ಬಂದವರ ತಲೆಯನ್ನೆಲ್ಲ ಕತ್ತರಿಸಿದೆ. ಮರುದಿನ ಹಲ್ಲುಜ್ಜಲೂ ಎಡಗೈ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪಕ್ಕದ ಮನೆಯವರು ನಿನಗೆ ಈಗಾಗಲೇ ವರದಿ ಒಪ್ಪಿಸಿರುತ್ತಾರೆ, ಮುಚ್ಚಿಟ್ಟು ಏನು ಪ್ರಯೋಜನ? ಮೇಡಂ ಈ ಸಲ ಗದರಲಿಲ್ಲ. "ಹಿಡಿಯೋದು ಅರ್ಧ ವ್ಯಾಯಾಮ, ಬಿಡೋದು ಇನ್ನರ್ಧ. ನೀವು ಅರ್ಧ ಮಾತ್ರ ಮಾಡಿ ಬಂದಿದೀರಾ" ಅಂದಳು. ಯೋಚಿಸಿದರೆ ನನಗೇ ನಾಚಿಕೆಯಾಯಿತು. ಗಡ್ಡ ಹೆರೆದ ಮೇಲೆ ಬಿಸಿ ಟವೆಲ್ ಇಡದೆ ನಾನು ಯಾರನ್ನೂ ಕುರ್ಚಿಯಿಂದ ಏಳಿಸಿದವನಲ್ಲ. ಈ ಭುಜಕ್ಕೆ ಅಷ್ಟೂ ಮರ್ಯಾದೆ ಕೊಟ್ಟಿರಲಿಲ್ಲ.

ಈಗ ಎಲ್ಲ ಕ್ರಮವಾಗಿದೆ. ವ್ಯಾಯಾಮ ಮುಗಿದ ಮೇಲೆ ಕೈಯನ್ನು ಗಡಿಯಾರದ ಲೋಲಕದಂತೆ ಸುಮ್ಮನೆ ತೂಗುತ್ತೇನೆ, ನೀರು ಕುಡಿಯುತ್ತೇನೆ, ಹೊಟ್ಟೆತುಂಬ ಉಂಡು, ತೋಳಿನ ಕೆಳಗೆ ನಿನ್ನ ದಿಂಬಿಟ್ಟು ಮಲಗುತ್ತೇನೆ. ಹೌದು, ನಿನ್ನದೇ. ಅಂಗಡಿ ಸಂಜೆ ಮಾತ್ರ, ಅದೂ ಕೈ ಮೇಲೆತ್ತಬೇಕಿಲ್ಲದ ಗಡ್ಡದ ಕೆಲಸವಷ್ಟೇ. ಬಾಗಿಲಿಗೆ "ಯಜಮಾನರ ಕೈ ವಿಶ್ರಾಂತಿಯಲ್ಲಿದೆ" ಎಂದು ಬರೆದು ಅಂಟಿಸಿದ್ದೇನೆ. ಕೈ ಬಿಟ್ಟು ಉಳಿದ ಯಜಮಾನರು ಸಿಗುತ್ತಾರೆಯೇ ಎಂದು ಗಿರಾಕಿಗಳು ಕೇಳುತ್ತಾರೆ. ನಿಜ ಹೇಳಲೇ? ಇಷ್ಟು ವರ್ಷದಲ್ಲಿ ನಮ್ಮ ಮಲಗುವ ಕೋಣೆಗೆ ಮಧ್ಯಾಹ್ನ ಬಿಸಿಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಹಿತವಾಗಿದೆ.

ಇವತ್ತು ಪರೀಕ್ಷೆ. ಮೇಡಂ ಕತ್ತರಿ ತರಲು ಹೇಳಿದ್ದಾಳೆ. ಮೇಷ್ಟ್ರು ತಾವಾಗಿಯೇ ತಲೆ ಕೊಡುತ್ತೇನೆಂದು ಒಪ್ಪಿದ್ದಾರೆ, ಧೈರ್ಯವಂತರು. ಹೊರಡುವ ಹೊತ್ತಾಯಿತು. ಮಗಳಿಗೂ ಅಳಿಯನಿಗೂ ಆಶೀರ್ವಾದ. ಮೊಮ್ಮಗಳ ಕಣ್ಣಿಗೆ ಬಿದ್ದ ಕೂದಲನ್ನು ಸರಿಸಿ ತಾತನ ಮುತ್ತು ಕೊಡು. ನಿನ್ನ ಮಂಡಿಗೆ ನನ್ನ ವಿಶೇಷ ವಿಚಾರಣೆ.

ಇಂತಿ,
ನೀನು "ರೀ" ಎಂದು ಕೂಗಿದರೆ ತಿರುಗುವವನು

ವಿ.ಸೂ.: ಈಗ ತಾನೇ ಬಂದೆ, ಚಪ್ಪಲಿಯನ್ನೂ ಬಿಚ್ಚಿಲ್ಲ. ಮೇಷ್ಟ್ರ ತಲೆ ಪೂರ್ತಿ ಮುಗಿಸಿದೆ, ಕೈ ನಡುಗಲಿಲ್ಲ! ನಾನು ಒಂದು ಮಾತೂ ಆಡದ್ದನ್ನು ಕಂಡು ಅವರೇ ಹೆದರಿ "ಯಾಕ್ರೀ, ಕಿವಿಗೇನಾದ್ರೂ ತಾಗಿಸಿದ್ರಾ?" ಎಂದು ಕೇಳಿದರು. ಮೇಡಂ ಒಪ್ಪಿಗೆ ಕೊಟ್ಟಳು. ಶನಿವಾರದ ಬಸ್ಸಿಗೆ ಬರುತ್ತೇನೆ, ಮಗುವಿನ ತಲೆಯನ್ನು ಯಾರಿಗೂ ಮುಟ್ಟಿಸಬೇಡ. ಇನ್ನೊಂದು ಮಾತು, ಮಗಳಿಗೆ ಓದಿ ಹೇಳಬೇಡ. ಇವತ್ತು ಬೆಳಿಗ್ಗೆ ಮೊಳೆಯ ಸಹಾಯವಿಲ್ಲದೆ ಅಂಗಿ ನಾನೇ ಹಾಕಿಕೊಂಡೆ. ಆದರೂ ಅಲ್ಲಿಗೆ ಬಂದಾಗ ಬೆಳಿಗ್ಗೆ ತೋಳು ಸಿಗುತ್ತಿಲ್ಲ ಎಂದು ನಿನ್ನ ಮುಂದೆ ನಿಂತುಕೊಳ್ಳುತ್ತೇನೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಹಾಕಿಬಿಡು. ಮೇಡಂ ಎಷ್ಟು ಸಲ "ಬಿಡಿ" ಅಂದರೂ ಅದೊಂದನ್ನು ನಾನು ಬಿಡುವವನಲ್ಲ.